ತೀರ್ಥಹಳ್ಳಿಯ ಬಳಿ ಮುಧೋಳ ಮರಿ ಕೊಂಡ ಅನುಭವ

ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸಲು ಬೇಟೆತಳಿಯ ನಾಯಿಯೊಂದು ಬೇಕಾಗಿದ್ದರಿಂದ, ಕಳೆದ ತಿಂಗಳು ತೀರ್ಥಹಳ್ಳಿ ಸಮೀಪದ ಸಾಕಣೆದಾರರೊಬ್ಬರಲ್ಲಿಗೆ ಹೋಗಿದ್ದೆ. ಅಲ್ಲಿ ಎಂಟು ವಾರ ತುಂಬಿದ 5 ಮುಧೋಳ ಮರಿಗಳಿದ್ದವು.

ಕೇಳುವ ಮೊದಲೇ ತಾಯಿನಾಯಿಯನ್ನು ತೋರಿಸಿದ್ದು ಮೆಚ್ಚುಗೆಯಾಯಿತು. ತಾಯಿ ಅಪರಿಚಿತರನ್ನು ಕಂಡು ಅಂಜಿ ಮೂಲೆ ಸೇರುವಂಥದ್ದಾದರೆ ಮರಿಗಳಲ್ಲೂ ಆ ಗುಣ ಇಳಿದು ಬರುವ ಸಾಧ್ಯತೆ ಹೆಚ್ಚು. ಮುಧೋಳ ನಾಯಿ ವಾಸನೆಗಿಂತ ಕಣ್ಣನ್ನು ನಂಬಿ ಬೆನ್ನಟ್ಟುವ ತಳಿಯಾದ್ದರಿಂದ, ಬಟ್ಟೆಯ ಚೂರೊಂದನ್ನು ದಾರಕ್ಕೆ ಕಟ್ಟಿ ಅಂಗಳದಲ್ಲಿ ಎಳೆದಾಗ ಎರಡು ಮರಿಗಳು ಅಟ್ಟಿಸಿಕೊಂಡು ಬಂದವು, ಉಳಿದವು ನೋಡುತ್ತ ಕುಳಿತವು. ಆ ಎರಡರಲ್ಲಿ, ಸ್ಟೀಲ್ ಲೋಟ ಬಿದ್ದ ಸದ್ದಿಗೆ ಬೆಚ್ಚಿದರೂ ಮರುಕ್ಷಣವೇ ಅದನ್ನು ಮೂಸಲು ಬಂದ ಹೆಣ್ಣುಮರಿಯನ್ನು ಆರಿಸಿದೆ. ಹೊಟ್ಟೆ ಉಬ್ಬಿದ ಗಂಡುಮರಿಯೊಂದನ್ನು ‘ದಷ್ಟಪುಷ್ಟ’ವೆಂದು ಅವರು ಪದೇ ಪದೇ ಮುಂದೊಡ್ಡಿದ್ದು ಹಿಡಿಸಲಿಲ್ಲ, ಅಂಥ ಹೊಟ್ಟೆ ಅನೇಕ ಸಲ ಜಂತುಹುಳುವಿನ ಲಕ್ಷಣ.

ಲಸಿಕೆ ಚೀಟಿಯಲ್ಲಿ ದಿನಾಂಕವಿರಲಿಲ್ಲ, ಕಿವಿಯೊಳಗೆ ಉಣುಗುಗಳಿದ್ದವು. ಮಲೆನಾಡಿನಲ್ಲಿ ಇದು ಸಣ್ಣ ತಪ್ಪಲ್ಲ. ಆದರೆ ಬಯಲುಸೀಮೆಯ ಈ ತೆಳುಗೂದಲಿನ ತಳಿಗೆ ನಮ್ಮ ಮಳೆಗಾಲದಲ್ಲಿ ಬೆಚ್ಚಗಿನ, ಒಣಗಿದ ಜಾಗ ಬೇಕೇ ಬೇಕೆಂದು, ವ್ಯಾಪಾರ ಕುದುರುವ ಮೊದಲೇ ಎಚ್ಚರಿಸಿದವರೂ ಅವರೇ.