ನೆಲ ಗುಡಿಸುವ ರೋಬೋಟ್: ಬಿಚ್ಚಿ, ರಿಪೇರಿ ಮಾಡಿ, ಬಳಸಿದ ಮೇಲಿನ ವಿಮರ್ಶೆ

ಗುಡಿಸಿ ಒರೆಸುವ, ತಲೆಯ ಮೇಲೆ ಲೇಸರ್ ಇರುವ ರೋಬೋಟ್ ಇದು. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ, ಈಗಲೂ ದಿನಾ ಓಡುತ್ತದೆ. ಹೊಸದರಲ್ಲಿ ವಿಮರ್ಶೆ ಬರೆದಿದ್ದರೆ ಧೂಳು ಎಷ್ಟು ಜೋರಾಗಿ ಎಳೆಯುತ್ತದೆ, ಆ್ಯಪ್ ಹೇಗಿದೆ ಅಂತ ಬರೆಯುತ್ತಿದ್ದೆ. ಈಗ ನಾನು ನೋಡುವುದು ಎರಡೇ ವಿಷಯ. ಕೆಟ್ಟಾಗ ಮನೆಯಲ್ಲೇ ಬಿಚ್ಚಲು ಬರುತ್ತದೆಯೇ? ಬಿಡಿಭಾಗ ಸಿಗುತ್ತದೆಯೇ? ಬಹುಪಾಲು ಹೌದು. ಹಾಗಾಗಿ ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಎಲ್ಲಿ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಈ ಯಂತ್ರದಲ್ಲಿ ಮೊದಲು ಕೈಕೊಡುವುದು ದುಬಾರಿ ಭಾಗಗಳಲ್ಲ. ಮುಖ್ಯ ಬೋರ್ಡ್ ಮತ್ತು ಗಾಳಿ ಎಳೆಯುವ ಫ್ಯಾನಿನ ಮೋಟಾರ್ ನನ್ನ ರೋಬೋಟಿನಲ್ಲಿ ಇನ್ನೂ ಹೊಸದರಂತೆಯೇ ಇವೆ. ಕೆಟ್ಟಿದ್ದೆಲ್ಲ ಕೂದಲು ಸುತ್ತಿದ ಕಡೆ, ರಬ್ಬರ್ ಇರುವ ಕಡೆ, ಮತ್ತು ಬ್ಯಾಟರಿ.

ನನಗೆ ತುಂಬಾ ಕಲಿಸಿದ್ದು ಲೇಸರ್ ರಿಪೇರಿ. ಆ್ಯಪಿನಲ್ಲಿ ರೋಬೋಟ್ ಬರೆಯುವ ಮನೆಯ ಮ್ಯಾಪ್ ಸ್ವಲ್ಪ ಸ್ವಲ್ಪವೇ ಸೊಟ್ಟಗಾಗತೊಡಗಿತು. ಒಂದೇ ಗೋಡೆ ಎರಡಾಗಿ ಕಾಣುತ್ತಿತ್ತು. ಆಮೇಲೆ ರೋಬೋಟ್ ನಿಂತಲ್ಲೇ ಸುತ್ತಿ, ಲೇಸರ್ ಸೆನ್ಸರ್ ದೋಷ ಅಂತ ಹೇಳಿ ನಿಂತುಬಿಡುತ್ತಿತ್ತು. ಸರ್ವಿಸ್ ಸೆಂಟರಿನವರು ಇಡೀ ಲೇಸರ್ ಘಟಕವನ್ನೇ ಬದಲಿಸಬೇಕು ಎಂದರು. ಯಾವ ಭಾಗ ಹೋಗಿದೆ ಅಂತ ಕೇಳಿದರೆ ಉತ್ತರ ಸಿಗಲಿಲ್ಲ. ಹಾಗಾಗಿ ಮೊದಲು ನಾನೇ ಬಿಚ್ಚಿ ನೋಡೋಣ ಎಂದುಕೊಂಡೆ.

ಒಳಗೆ ಇರುವುದು ಸರಳವಾದ ವ್ಯವಸ್ಥೆ. ಒಂದು ಪುಟ್ಟ ಮೋಟಾರ್, ಅದರಿಂದ ಲೇಸರ್ ಇರುವ, ತಿರುಗುವ ಗೋಪುರಕ್ಕೆ ಒಂದು ತೆಳುವಾದ ರಬ್ಬರ್ ಬೆಲ್ಟ್. ಇಂಥ ಹಲವು ಮಾದರಿಗಳಲ್ಲಿ ಗೋಪುರ ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಎಲ್ಲ ದಿಕ್ಕಿನಲ್ಲಿ ಗೋಡೆ ಎಷ್ಟು ದೂರ ಇದೆ ಅಂತ ಅಳೆಯುತ್ತಾ ಹೋಗುತ್ತದೆ. ತಿರುಗುವ ವೇಗ ಒಂದೇ ಸಮ ಇದ್ದರೆ ಮಾತ್ರ ಆ ಲೆಕ್ಕ ಸರಿ ಬರುತ್ತದೆ. ಬೆಲ್ಟ್ ಸಡಿಲವಾದರೆ ವೇಗ ಏರುಪೇರಾಗುತ್ತದೆ. ದೂರ ಸರಿಯಾಗಿ ಅಳೆದರೂ ಅದು ಯಾವ ದಿಕ್ಕಿನ ದೂರ ಎನ್ನುವುದು ತಪ್ಪುತ್ತದೆ. ಗೋಡೆ ಎರಡಾಗಿ ಕಾಣುವುದು ಇದರಿಂದಲೇ. ನನ್ನದರಲ್ಲಿ ಬೆಲ್ಟ್ ಹಿಗ್ಗಿತ್ತು, ಸುತ್ತಲೂ ಕಪ್ಪು ರಬ್ಬರ್ ಪುಡಿ ಬಿದ್ದಿತ್ತು. ಅದೇ ಸುತ್ತಳತೆಯ, ಅದೇ ದಪ್ಪದ ಹೊಸ ಬೆಲ್ಟ್ ಹಾಕಿದೆ. ಗೋಪುರದ ಬುಡದಲ್ಲಿ ಸಿಕ್ಕಿಕೊಂಡಿದ್ದ ಎಳೆಗಳನ್ನು ಚಿಮುಟದಿಂದ ತೆಗೆದೆ. ಮ್ಯಾಪ್ ಮತ್ತೆ ನೆಟ್ಟಗಾಯಿತು! ಅಷ್ಟೂ ಹೊತ್ತು ತಪ್ಪಿದ್ದು ಆ ಪುಟ್ಟ ರಬ್ಬರ್ ಬಳೆ ಮಾತ್ರ. ಲೇಸರ್ ಚೆನ್ನಾಗಿಯೇ ಇತ್ತು.

ಬಿಚ್ಚುವಾಗ ಎರಡು ಎಚ್ಚರಿಕೆ ಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಮೊದಲು ಬ್ಯಾಟರಿಯನ್ನೇ ತೆಗೆದಿಡಿ. ಇನ್ನೊಂದು, ಸ್ಕ್ರೂಗಳ ಉದ್ದ ಎಲ್ಲ ಒಂದೇ ಅಲ್ಲ. ಒಂದು ಹಾಳೆಯ ಮೇಲೆ ರೋಬೋಟಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಡುತ್ತಾ ಹೋಗಿ. ಉದ್ದದ ಸ್ಕ್ರೂವನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ, ಕೆಲವೊಮ್ಮೆ ಒಳಗಿನ ತಂತಿಗೂ ತಾಗುತ್ತದೆ. ಪಟ್ಟಿಯಂತೆ ಚಪ್ಪಟೆಯಾದ ರಿಬ್ಬನ್ ಕೇಬಲ್ ಕಂಡರೆ ಎಳೆಯಬೇಡಿ, ಅದನ್ನು ಹಿಡಿದಿರುವ ಪುಟ್ಟ ಲಾಕನ್ನು ಮೊದಲು ಎತ್ತಿ.

ಬ್ಯಾಟರಿ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಇವುಗಳಲ್ಲಿ ನಾಲ್ಕು ಲಿಥಿಯಂ ಅಯಾನ್ ಸೆಲ್‌ಗಳು ಸಾಲಾಗಿ ಜೋಡಿಸಿರುತ್ತವೆ. ಪ್ಯಾಕಿನ ಮೇಲೆ 14.4 ವೋಲ್ಟ್ ಅಂತ ಬರೆದಿರುತ್ತದೆ, ಪೂರ್ತಿ ಚಾರ್ಜ್ ಆದಾಗ 16.8 ವೋಲ್ಟ್ ಹತ್ತಿರ ಇರುತ್ತದೆ. ಶೇಕಡಾ 40 ತೋರಿಸುತ್ತಾ ಇದ್ದಕ್ಕಿದ್ದಂತೆ ಆಫ್ ಆದರೆ ಒಂದು ಸೆಲ್ ಸೋತಿದೆ ಎಂಬ ಅನುಮಾನ ಪಡಬಹುದು. ಆದರೆ ಚಾರ್ಜೇ ಏರುತ್ತಿಲ್ಲ ಅನ್ನುವವರು ಬ್ಯಾಟರಿ ಕೊಳ್ಳುವ ಮೊದಲು ರೋಬೋಟಿನ ಹೊಟ್ಟೆಯಲ್ಲಿ ಮತ್ತು ಅದು ಚಾರ್ಜ್ ಆಗಲು ನಿಲ್ಲುವ ಡಾಕಿನಲ್ಲಿ ಇರುವ ಲೋಹದ ಪಟ್ಟಿಗಳನ್ನು ಉಜ್ಜಿ ನೋಡಿ. ಒರೆಸುವ ರೋಬೋಟ್‌ಗಳಲ್ಲಿ ತೇವ ತಾಗಿ ಅವು ಮಂಕಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಸಾಕು, ಹಠ ಮಾಡಿದರೆ ಪೆನ್ಸಿಲ್ ರಬ್ಬರ್. ಎಷ್ಟೋ ಒಳ್ಳೆಯ ಬ್ಯಾಟರಿಗಳು ಈ ಕೊಳೆಯಿಂದಾಗಿಯೇ ಕಸಕ್ಕೆ ಹೋಗುತ್ತವೆ ಅನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಪ್ಯಾಕನ್ನು ಕತ್ತರಿಸಿ ಸೆಲ್ ಬದಲಿಸಲು ಮಾತ್ರ ಹೋಗಬೇಡಿ. ಸೆಲ್ ಶಾರ್ಟ್ ಆದರೆ ಬೆಂಕಿ ಹತ್ತಬಹುದು. ಪ್ಯಾಕ್ ಊದಿಕೊಂಡಿದ್ದರೆ ಚಾರ್ಜಿಗೂ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ನಾನು ಇಡೀ ಪ್ಯಾಕನ್ನೇ ಬದಲಿಸಿದೆ. ಕೆಳಗಿನ ಮುಚ್ಚಳ ತೆಗೆದು ಕನೆಕ್ಟರ್ ಬಿಡಿಸಿ ಹಾಕುವುದು ಸುಲಭದ ಕೆಲಸ. ಹೊಸದು ತರುವಾಗ ಕನೆಕ್ಟರಿನಲ್ಲಿ ಎಷ್ಟು ತಂತಿ ಇವೆ, ಯಾವುದು ಎಲ್ಲಿದೆ ಅಂತ ಹಳೆಯದರ ಜೊತೆ ಹೋಲಿಸಿ. ಪ್ಲಸ್ ಮೈನಸ್ ಬಿಟ್ಟು ಉಳಿದ ತಂತಿ ಸಾಮಾನ್ಯವಾಗಿ ಬ್ಯಾಟರಿಯ ಬಿಸಿ ಅಳೆಯಲು ಇರುವುದು. ಅದು ಹೊಂದದಿದ್ದರೆ ರೋಬೋಟ್ ಚಾರ್ಜ್ ಮಾಡಿಕೊಳ್ಳಲು ಒಪ್ಪದೇ ಇರಬಹುದು.

ಕೂದಲಿನದು ದಿನನಿತ್ಯದ ಗೋಳು. ಉರುಳುವ ದೊಡ್ಡ ಬ್ರಷ್ ಮೇಲೆ ಕಾಣುವುದನ್ನು ಎಲ್ಲರೂ ತೆಗೆಯುತ್ತಾರೆ. ಕೆಡಿಸುವುದು ಅದಲ್ಲ, ಬ್ರಷ್‌ನ ಎರಡೂ ತುದಿಯ ಬೇರಿಂಗ್ ಒಳಗೆ ಸೇರಿಕೊಂಡದ್ದು. ಅಲ್ಲಿ ಅದು ಬಿಗಿಯುತ್ತಾ ಹೋಗುತ್ತದೆ, ತಿರುಗಿ ತಿರುಗಿ ಬಿಸಿಯಾಗುತ್ತದೆ, ಕೊನೆಗೆ ಪ್ಲಾಸ್ಟಿಕ್ ಕರಗಿ ಆಕಾರ ಕೆಡುತ್ತದೆ. ತುದಿಯ ಟೋಪಿ ಕಳಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪಕ್ಕದ ಪುಟ್ಟ ಬ್ರಷ್‌ನ ಅಡಿಯಲ್ಲೂ ಇದೇ ಕಥೆ. ಮುಂದಿನ ಪುಟ್ಟ ಚಕ್ರವನ್ನು ಕೈಯಲ್ಲಿ ಎಳೆದರೆ ಬರುತ್ತದೆ. ಕೆಲವು ಮಾದರಿಗಳಲ್ಲಿ ಅದಕ್ಕೆ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣ ಇರುತ್ತದೆ. ಚಕ್ರ ತಿರುಗುತ್ತಿದೆಯೇ ಅಂತ ಸೆನ್ಸರ್ ನೋಡುವುದು ಆ ಬಣ್ಣ ಬದಲಾಗುವುದರಿಂದ. ಅದರ ಮೇಲೆ ಕೊಳೆ ಕೂತರೆ, ಓಡುತ್ತಿರುವ ರೋಬೋಟ್ ತಾನು ಸಿಕ್ಕಿಹಾಕಿಕೊಂಡಿದ್ದೇನೆ ಅಂದುಕೊಳ್ಳುತ್ತದೆ.

ರೋಬೋಟ್ ಸುಮ್ನೆ ಹಿಂದೆ ಹಿಂದೆ ಹೋಗುತ್ತಿದ್ದರೆ ಮುಂದಿನ ಬಂಪರ್ ಸಂದಿಯಲ್ಲಿ ಏನೋ ಸಿಕ್ಕಿದೆ, ಅಥವಾ ಹೊಟ್ಟೆಯ ಅಂಚಿನಲ್ಲಿರುವ ಇನ್‌ಫ್ರಾರೆಡ್ ಸೆನ್ಸರ್‌ಗಳ ಮೇಲೆ ಧೂಳು ಕೂತಿದೆ. ನೆಲದಿಂದ ಬೆಳಕು ವಾಪಸ್ ಬರದಿದ್ದರೆ ಮುಂದೆ ಮೆಟ್ಟಿಲಿದೆ ಅಂತ ಅದಕ್ಕೆ ಭಯ. ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಕಡು ಕಪ್ಪು ಜಮಖಾನೆ ಹತ್ತಲು ಹಿಂಜರಿಯುವುದೂ ಇದಕ್ಕೇ, ಅದು ರಿಪೇರಿಗೆ ಬಗ್ಗುವ ದೋಷ ಅಲ್ಲ.

ಇನ್ನು ಕಳೆದ ಆ ಒಂದು ಅಂಕ. ಒರೆಸುವ ನೀರಿನ ಟ್ಯಾಂಕನ್ನು ಸ್ಕ್ರೂ ಇಲ್ಲದೆ ಅಂಟಿಸಿ ಮುಚ್ಚಿದ್ದಾರೆ. ಗಡಸು ನೀರಿನ ಉಪ್ಪು ಕೂತು ಸಣ್ಣ ತೂತುಗಳು ಕಟ್ಟಿಕೊಂಡರೆ ಒಳಗೆ ಕೈ ಹಾಕಲು ದಾರಿಯೇ ಇಲ್ಲ, ಪೂರ್ತಿ ಟ್ಯಾಂಕ್ ಬದಲಿಸಬೇಕು. ಪಕ್ಕದ ಬ್ರಷ್‌ನ ಒಂದು ಗೇರ್ ಸವೆದರೂ ಮೋಟಾರ್ ಸಮೇತ ಇಡೀ ಪೆಟ್ಟಿಗೆ ಕೊಳ್ಳಬೇಕು. ನಾಲ್ಕು ಸ್ಕ್ರೂ ಹಾಕಿದ್ದರೆ ಏನು ಹೋಗುತ್ತಿತ್ತು? ಐರೋಬೋಟ್ ಕಂಪನಿಯ ಗುಡಿಸುವ ರೋಬೋಟ್ ರೂಂಬಾ 2002ರಲ್ಲಿ ಬಂತು. ಅದರ ಮುಂದಿನ ಮಾದರಿಗಳಲ್ಲಿ ಚಕ್ರ, ಬ್ರಷ್ ಪೆಟ್ಟಿಗೆ, ಪಕ್ಕದ ಬ್ರಷ್ ಎಲ್ಲವೂ ಸ್ಕ್ರೂ ತೆಗೆದರೆ ಬರುವ ಬಿಡಿ ಮಾಡ್ಯೂಲ್‌ಗಳಾಗಿದ್ದವು. ಹಾಗೆ ಮಾಡಲು ಬರುತ್ತದೆ ಅಂತ ಗೊತ್ತಿದ್ದೂ ಅಂಟಿಸುವುದು ಸರಿ ಅಲ್ಲ.

ಆ್ಯಪ್ ಬಗ್ಗೆಯೂ ಒಂದು ಮಾತು. ಮೈಕಟ್ಟು ಎಷ್ಟೇ ಗಟ್ಟಿ ಇದ್ದರೂ ಕಂಪನಿಯ ಸರ್ವರ್ ನಿಂತರೆ ಮ್ಯಾಪ್, ವೇಳಾಪಟ್ಟಿ ಎರಡೂ ಕೈಬಿಟ್ಟು ಹೋಗಬಹುದು. ಲೇಸರ್ ಇರುವ ಮನೆಬಳಕೆಯ ರೋಬೋಟನ್ನು 2010ರಲ್ಲೇ ತಂದ ನಿಯಾಟೊ ಕಂಪನಿ 2023ರಲ್ಲಿ ಮುಚ್ಚಿತು. ಕೆಲವು ಮಾದರಿಗಳಿಗೆ ವ್ಯಾಲೆಟೂಡೊ ಎಂಬ ಮುಕ್ತ ತಂತ್ರಾಂಶ ಇದೆ. ಅದನ್ನು ಹಾಕಿದರೆ ಕಂಪನಿಯ ಸರ್ವರ್ ಇಲ್ಲದೆ ಮನೆಯ ವೈಫೈನಲ್ಲೇ ರೋಬೋಟ್ ನಡೆಯುತ್ತದೆ. ಹಾಕುವುದು ಎಲ್ಲರಿಗೂ ಸುಲಭ ಅಲ್ಲ, ಆದರೆ ಕೊಳ್ಳುವ ಮೊದಲು ನಿಮ್ಮ ಮಾದರಿ ಅದರ ಪಟ್ಟಿಯಲ್ಲಿದೆಯೇ ಅಂತ ನೋಡುವುದು ಒಳ್ಳೆಯದು.

ಅಂಗಡಿಯಲ್ಲಿ ನೋಡುವಾಗ ರೋಬೋಟನ್ನು ಮಗುಚಿ ನೋಡಿ. ಬ್ಯಾಟರಿಯ ಮುಚ್ಚಳ ಬೇರೆಯಾಗಿ ಕಾಣಬೇಕು, ಸ್ಕ್ರೂಗಳು ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗುವಂತಿರಬೇಕು, ಬ್ರಷ್‌ನ ತುದಿಗಳು ಕಳಚುವಂತಿರಬೇಕು. ಫಿಲ್ಟರ್, ಬ್ರಷ್ ಅಷ್ಟೇ ಅಲ್ಲ, ಚಕ್ರದ ಮಾಡ್ಯೂಲ್ ಕೂಡ ಬಿಡಿಯಾಗಿ ಮಾರಾಟಕ್ಕಿದೆಯೇ ಅಂತ ಕೇಳಿ. ಚಕ್ರ ಸಿಗುತ್ತದೆ ಅಂದರೆ ಉಳಿದದ್ದೂ ಸಿಗುವ ಸಾಧ್ಯತೆ ಜಾಸ್ತಿ.