ಆಲ್ಫಾಫೋಲ್ಡ್ ಡೇಟಾಬೇಸ್: ಬಣ್ಣ ನೋಡಿ ನಂಬಬೇಕಾದ ಸೇವೆ

ಮನುಷ್ಯರ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ಪ್ರೋಟೀನುಗಳ ಊಹಿತ ಆಕಾರಗಳನ್ನು ತೋರಿಸುವ ಆಲ್ಫಾಫೋಲ್ಡ್ ಡೇಟಾಬೇಸಿನಲ್ಲಿ ಹುಡುಕಿ ತೆರೆದರೆ ಪರದೆಯ ತುಂಬ ಕಡುನೀಲಿ ಸುರುಳಿಗಳು ಕಾಣಿಸುತ್ತವೆ. ಮೌಸ್ ಹಿಡಿದು ನಿಧಾನವಾಗಿ ತಿರುಗಿಸಿದಾಗ ಸುರುಳಿಗಳ ನಡುವೆ ಒಂದು ಗೂಡು ಸಿಗುತ್ತದೆ. ಕಬ್ಬಿಣವನ್ನು ಹಿಡಿದುಕೊಳ್ಳಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಅಲ್ಲಿ ತನ್ನ ಜಾಗದಲ್ಲಿ, ಒಳಮುಖವಾಗಿಯೇ ನಿಂತಿದೆ. ಆದರೆ ಆ ಕಬ್ಬಿಣವನ್ನು ಹೊತ್ತ ಹೀಮ್ ಎಂಬ ಅಣು ಮಾತ್ರ ಅಲ್ಲಿಲ್ಲ. ಗರ್ಭಗುಡಿ ಸಿದ್ಧವಾಗಿದೆ, ಮೂರ್ತಿಯಿಲ್ಲ. ಸ್ನಾತಕೋತ್ತರ ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳ ಜೊತೆ ಕೆಲವು ವರ್ಷಗಳಿಂದ ಈ ಸೇವೆಯನ್ನು ಬಳಸುತ್ತಿರುವ ನನಗೆ, ಇದರ ಶಕ್ತಿಯನ್ನೂ ಮಿತಿಯನ್ನೂ ಒಂದೇ ನೋಟದಲ್ಲಿ ತೋರಿಸುವ ಪುಟ ಇದಕ್ಕಿಂತ ಬೇರೆ ಸಿಕ್ಕಿಲ್ಲ. ಆದ್ದರಿಂದ ಈ ವಿಮರ್ಶೆಯನ್ನೂ ಅಲ್ಲಿಂದಲೇ ಆರಂಭಿಸಿದ್ದೇನೆ.

ಸೇವೆಯ ಪರಿಚಯ ಇಷ್ಟು: ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆ ರೂಪಿಸಿದ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ಕಾರ್ಯಕ್ರಮವು ಊಹಿಸಿದ ಪ್ರೋಟೀನ್ ರಚನೆಗಳನ್ನು, ಕೇಂಬ್ರಿಜ್ ಸಮೀಪದ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್ ಸಾರ್ವಜನಿಕರಿಗೆ ಒದಗಿಸುತ್ತಿದೆ. 2021ರ ಜುಲೈನಲ್ಲಿ ಮನುಷ್ಯ ಮತ್ತು ಇತರ 20 ಜೀವಿಗಳ ಸುಮಾರು 3,65,000 ರಚನೆಗಳೊಂದಿಗೆ ಆರಂಭವಾದ ಈ ಭಂಡಾರ, ಒಂದೇ ವರ್ಷದಲ್ಲಿ 20 ಕೋಟಿಯನ್ನು ದಾಟಿತು. ಬಳಸಲು ಖಾತೆ ಬೇಡ, ಶುಲ್ಕವಿಲ್ಲ, ಮೂಲವನ್ನು ಹೆಸರಿಸಿದರೆ ವಾಣಿಜ್ಯ ಬಳಕೆಗೂ ಅಡ್ಡಿಯಿಲ್ಲ. ಇಡೀ ಭಂಡಾರದ ಗಾತ್ರ ಸುಮಾರು 23 ಟೆರಾಬೈಟ್. ಅದನ್ನು ಯಾರೂ ಮನೆಗೆ ಒಯ್ಯಬೇಕಾಗಿಲ್ಲ. ಬೇಕಾದ ಪ್ರೋಟೀನಿನ ಹೆಸರನ್ನೋ ಯುನಿಪ್ರೋಟ್ ಎಂಬ ಪ್ರೋಟೀನ್ ಸೂಚಿಯಲ್ಲಿನ ಅದರ ಸಂಖ್ಯೆಯನ್ನೋ ಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ರಚನೆ ಎದುರಿಗೆ ಬರುತ್ತದೆ, ಕಡತವನ್ನೂ ಇಳಿಸಿಕೊಳ್ಳಬಹುದು. ನಮ್ಮ ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲೂ ವಿದ್ಯಾರ್ಥಿಗಳ ಮೊಬೈಲ್ ಫೋನಿನಲ್ಲೂ ಚಿತ್ರ ಸರಾಗವಾಗಿ ತಿರುಗುತ್ತದೆ.

ಈ ಉಚಿತದ ಬೆಲೆ ತಿಳಿಯಬೇಕಾದರೆ ಹಿಂದಿನ ದಾರಿಯನ್ನು ಸ್ವಲ್ಪ ನೋಡಬೇಕು. ಒಂದು ಪ್ರೋಟೀನಿನ ರಚನೆಯನ್ನು ಪ್ರಯೋಗದಿಂದ ತಿಳಿಯುವುದೆಂದರೆ ಅದನ್ನು ಶುದ್ಧವಾಗಿ ತಯಾರಿಸಿ, ಹರಳುಗಟ್ಟಿಸಿ, ಎಕ್ಸ್‌-ರೇಗೆ ಒಡ್ಡಿ, ಬಂದ ಚುಕ್ಕೆಗಳಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕಹಾಕುವುದು. ಹರಳೇ ಕಟ್ಟದೆ ಇಡೀ ಪಿಎಚ್‌ಡಿ ಅವಧಿ ಕಳೆದುಹೋಗುವುದು ಈ ಕ್ಷೇತ್ರದಲ್ಲಿ ಹೊಸ ಸುದ್ದಿಯಲ್ಲ. ಬೆಂಗಳೂರಿನ ಸಂಶೋಧಕರು ಇದಕ್ಕಾಗಿ ಪ್ರಬಲ ಎಕ್ಸ್‌-ರೇ ಹೊಮ್ಮಿಸುವ, ಇಂದೂರಿನ ಸಿಂಕ್ರೊಟ್ರಾನ್‌ಗೋ ಫ್ರಾನ್ಸಿನ ಗ್ರೆನೋಬಲ್‌ಗೋ ಮಾದರಿಗಳನ್ನು ಹೊತ್ತು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಹೀಗೆ ಕಂಡುಹಿಡಿದ ರಚನೆಗಳನ್ನೆಲ್ಲ ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಆರಂಭವಾದಾಗ ಅದರಲ್ಲಿದ್ದದ್ದು ಬರೀ ಏಳು ರಚನೆಗಳು. ಆಲ್ಫಾಫೋಲ್ಡ್ ಕಲಿತದ್ದು ಐವತ್ತು ವರ್ಷಗಳಲ್ಲಿ ಆ ಬ್ಯಾಂಕಿನಲ್ಲಿ ಜಮೆಯಾದ ಸುಮಾರು 1,70,000 ರಚನೆಗಳಿಂದ. ಜಾಹೀರಾತಿನ ಭಾಷೆಯಲ್ಲಿ ಯಂತ್ರದ ಜಾಣ್ಮೆ ಎಂದು ಕರೆಯುವುದರ ಕೆಳಗೆ, ಫಲಿತಾಂಶವನ್ನು ಬಚ್ಚಿಟ್ಟುಕೊಳ್ಳದೆ ಬ್ಯಾಂಕಿಗೆ ಕೊಟ್ಟ ಸಾವಿರಾರು ಜನರ ದುಡಿಮೆ ಇದೆ ಎಂಬುದನ್ನು ವಿಮರ್ಶಕನಾಗಿ ನಾನು ಮೊದಲೇ ಹೇಳಿಬಿಡಬೇಕು.

ಕಾರ್ಯಕ್ರಮದ ಕೆಲಸದ ಬಗೆಯನ್ನು ತಿಳಿದುಕೊಳ್ಳದೆ ಅದರ ತಪ್ಪುಗಳು ಅರ್ಥವಾಗುವುದಿಲ್ಲ. ಒಂದು ಪ್ರೋಟೀನಿನ ಅಮೈನೋ ಆಮ್ಲಗಳ ಸಾಲನ್ನು ಕೊಟ್ಟಾಗ ಅದು ಮೊದಲು ಬೇರೆ ಬೇರೆ ಜೀವಿಗಳಲ್ಲಿರುವ ಆ ಪ್ರೋಟೀನಿನ ಬಂಧುಗಳನ್ನು ಹುಡುಕಿ ಒಂದರ ಕೆಳಗೊಂದು ಜೋಡಿಸುತ್ತದೆ. ಮಡಚಿದ ಪ್ರೋಟೀನಿನಲ್ಲಿ ಪರಸ್ಪರ ತಾಗಿಕೊಂಡಿರುವ ಎರಡು ಅಮೈನೋ ಆಮ್ಲಗಳಲ್ಲಿ ಒಂದು ವಿಕಾಸದ ಹಾದಿಯಲ್ಲಿ ಬದಲಾದರೆ, ಇನ್ನೊಂದೂ ಅದಕ್ಕೆ ಹೊಂದಿಕೊಂಡು ಬದಲಾಗುವುದುಂಟು. ಸಾಲಿನಲ್ಲಿ ದೂರ ದೂರವಿದ್ದೂ ಜೊತೆಯಾಗಿ ಬದಲಾಗುವ ಇಂಥ ಜೋಡಿಗಳೇ ಯಾವುದು ಯಾವುದರ ಪಕ್ಕದಲ್ಲಿದೆ ಎಂಬುದಕ್ಕೆ ಸುಳಿವು. ಬಂಧುಬಳಗ ದೊಡ್ಡದಾದಷ್ಟೂ ಸುಳಿವು ಹೆಚ್ಚು. ಬಳಗವೇ ಇಲ್ಲದ ಒಂಟಿ ಪ್ರೋಟೀನುಗಳ ವಿಷಯದಲ್ಲಿ ಈ ಕಾರ್ಯಕ್ರಮ ತಡವರಿಸುವುದು ಇದೇ ಕಾರಣಕ್ಕೆ. 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಕ್ಯಾಸ್ಪ್ ಎಂಬ ಸ್ಪರ್ಧೆಯಲ್ಲಿ, ಇನ್ನೂ ಪ್ರಕಟವಾಗದ ರಚನೆಗಳನ್ನು ಊಹಿಸುವ ಪರೀಕ್ಷೆಗೆ ಕುಳಿತ ಆಲ್ಫಾಫೋಲ್ಡ್‌ನ ಎರಡನೆಯ ಆವೃತ್ತಿ 2020ರಲ್ಲಿ ನೂರಕ್ಕೆ 92.4ರ ಮಧ್ಯಾಂಕ ಪಡೆದಾಗ, ಯಾವುದು ಯಾರ ಊಹೆಯೆಂದು ತಿಳಿಯದೆ ಪರೀಕ್ಷಿಸಿದವರೇ ಬೆರಗಾದರು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಆಲ್ಫಾಫೋಲ್ಡ್ ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ, ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೆ ಉಳಿದರ್ಧವೂ ಸಂದಿತು.

ಈಗ ಬಣ್ಣದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನನ್ನ ಲೆಕ್ಕದಲ್ಲಿ ಈ ಸೇವೆಯ ಅತ್ಯುತ್ತಮ ಅಂಶ ಅದು. ಪ್ರತಿಯೊಂದು ಅಮೈನೋ ಆಮ್ಲದ ಸ್ಥಾನದ ಬಗ್ಗೆಯೂ ಕಾರ್ಯಕ್ರಮ ತನಗೆ ತಾನೇ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟುಕೊಳ್ಳುತ್ತದೆ. ಬಳಸುವವರು ಅದನ್ನು ಪಿಎಲ್‌ಡಿಡಿಟಿ ಎನ್ನುತ್ತಾರೆ. ತೊಂಬತ್ತಕ್ಕಿಂತ ಹೆಚ್ಚಿದ್ದರೆ ಕಡುನೀಲಿ, ಎಪ್ಪತ್ತರಿಂದ ತೊಂಬತ್ತರವರೆಗೆ ತಿಳಿನೀಲಿ, ಐವತ್ತರಿಂದ ಎಪ್ಪತ್ತರವರೆಗೆ ಹಳದಿ, ಅದಕ್ಕೂ ಕೆಳಗೆ ಕಿತ್ತಳೆ. ಮನುಷ್ಯರ ಪ್ರೋಟೀನುಗಳಲ್ಲಿ ನೀಲಿ ಬಣ್ಣದ ಈ ಎರಡೂ ವರ್ಗಗಳು ಸೇರಿ ಒಟ್ಟು ಅಮೈನೋ ಆಮ್ಲಗಳ ಶೇ. 58ರಷ್ಟನ್ನು ಮಾತ್ರ ಒಳಗೊಳ್ಳುತ್ತವೆ, ಕಡುನೀಲಿಯ ಪಾಲು ಶೇ. 36. ಈ ಅಂಕಿಗಳನ್ನು ತಯಾರಕರೇ 2021ರಲ್ಲಿ ಪ್ರಕಟಿಸಿದರು. ತನ್ನ ಸರಕಿನ ಯಾವ ಭಾಗ ಟೊಳ್ಳು ಎಂದು ತಾನೇ ಬಣ್ಣ ಬಳಿದು ತೋರಿಸುವ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಡಿಯವನು ತೋರಿಸಿದರೂ ಗಿರಾಕಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿನ ಮೇಲೆ ಪ್ರಾಜೆಕ್ಟ್ ಮಾಡಿದ ನನ್ನ ವಿದ್ಯಾರ್ಥಿನಿಯೊಬ್ಬಳು, 393 ಅಮೈನೋ ಆಮ್ಲಗಳ ಆ ಸರಪಳಿಯ ಚಿತ್ರವನ್ನು ವರದಿಯ ಮುಖಪುಟಕ್ಕೆ ಹಾಕಿ, ನಡುವಿನ ನೀಲಿ ಗಂಟಿನ ಸುತ್ತ ಉಣ್ಣೆಯ ದಾರದಂತೆ ಹರಡಿಕೊಂಡಿದ್ದ ಕಿತ್ತಳೆ ಕುಣಿಕೆಗಳನ್ನು ಔಷಧ ಸೇರಿಕೊಳ್ಳಬಲ್ಲ ಜಾಗವೆಂದು ಅರ್ಧ ಪುಟ ವಿವರಿಸಿದ್ದಳು. ನಾನು ಆ ಪುಟಕ್ಕೆ ಸಹಿ ಹಾಕಿದ್ದೆ. ಮೌಖಿಕ ಪರೀಕ್ಷೆಗೆ ಬಂದವರು ಬಣ್ಣದ ಅರ್ಥವೇನೆಂದು ಒಂದೇ ಪ್ರಶ್ನೆ ಕೇಳಿದರು. ಅವಳು ನನ್ನ ಮುಖ ನೋಡಿದಳು, ನಾನು ಚಹಾದ ಲೋಟ ನೋಡಿದೆ. ಡಿಎನ್‌ಎಗೆ ಅಂಟಿಕೊಳ್ಳುವ ನಡುಭಾಗ ನಿಜಕ್ಕೂ ಗಟ್ಟಿಯಾದ ರಚನೆ. ಎರಡೂ ತುದಿಗಳಾದರೋ ಜೀವಕೋಶದಲ್ಲಿ ನಿಶ್ಚಿತ ಆಕಾರವಿಲ್ಲದೆ ತೇಲಾಡುವ ಎಳೆಗಳು. ಅಲ್ಲಿನ ಕಿತ್ತಳೆ ಬಣ್ಣ ಹೇಳುವುದು ಇಲ್ಲಿ ಒಂದೇ ಆಕಾರವನ್ನು ನಂಬಬೇಡಿ ಎಂದು. ಬಹಳಷ್ಟು ಸಂದರ್ಭಗಳಲ್ಲಿ ಕಡಿಮೆ ಅಂಕವೆಂದರೆ ಆ ಭಾಗಕ್ಕೆ ಆಕಾರವೇ ಇಲ್ಲ ಎಂಬ ಉಪಯುಕ್ತ ಸುದ್ದಿಯೂ ಆಗಿರುತ್ತದೆ.

ಆ ಮುಜುಗರದ ನಂತರ ನಾವು ಒಂದು ಅಭ್ಯಾಸ ಮಾಡಿಕೊಂಡೆವು: ಇಳಿಸಿಕೊಂಡ ಪ್ರತಿ ಕಡತವನ್ನೂ ರಾಮಚಂದ್ರನ್ ನಕ್ಷೆಗೆ ಹಾಕಿ ನೋಡುವುದು. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ಈ ನಕ್ಷೆ, ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಹೇಳುತ್ತದೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣ್ವಿಕ ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಪಿ53ರ ಕಡತವನ್ನು ನಕ್ಷೆಗೆ ಹಾಕಿದಾಗ ನೀಲಿ ಭಾಗದ ಚುಕ್ಕೆಗಳು ಶಿಸ್ತಾಗಿ ಅನುಮತಿಯ ವಲಯದಲ್ಲಿ ಕುಳಿತವು, ಹೊರಗೆ ಚೆಲ್ಲಿದವುಗಳಲ್ಲಿ ಹೆಚ್ಚಿನವು ಕಿತ್ತಳೆಯ ಪಾಲಿನವು. ಅರವತ್ತು ವರ್ಷ ಹಳೆಯ ಕೈಲೆಕ್ಕದ ನಕ್ಷೆ ಹೊಸ ಯಂತ್ರದ ಅನುಮಾನವನ್ನು ಅನುಮೋದಿಸುವುದನ್ನು ನೋಡುವುದರಲ್ಲಿ ಮೇಷ್ಟರಿಗೆ ಒಂದು ಬಗೆಯ ಸುಖವಿದೆ.

ಬಣ್ಣದ ಜೊತೆಗೆ ಪುಟದ ಕೆಳಗೆ ಹಸಿರು ಚೌಕವೊಂದಿರುತ್ತದೆ, ಪಿಎಇ ಎಂದು ಅದರ ಹೆಸರು. ಎರಡು ಗಟ್ಟಿ ಭಾಗಗಳು ಪ್ರತ್ಯೇಕವಾಗಿ ಸರಿಯಿದ್ದರೂ ಒಂದರ ಪಕ್ಕ ಇನ್ನೊಂದು ಹೇಗೆ ಕುಳಿತಿದೆ ಎಂಬುದು ಖಚಿತವಿಲ್ಲದಿರಬಹುದು. ಅದನ್ನು ಹೇಳುವುದು ಈ ಚೌಕ. ಕಡುಹಸಿರಿದ್ದಲ್ಲಿ ನಂಬಿ, ಮಸುಕಾದಲ್ಲಿ ಚಿತ್ರದ ಜೋಡಣೆ ಕಾಕತಾಳೀಯವೆಂದು ತಿಳಿಯಿರಿ. ನನ್ನ ದೂರೇನೆಂದರೆ, ಇಷ್ಟು ಮುಖ್ಯವಾದ ಚೌಕವನ್ನು ಚಿತ್ರದ ಕೆಳಗೆ ಇಟ್ಟಿರುವುದರಿಂದ ಹೊಸಬರು ಅಲ್ಲಿಯವರೆಗೆ ಪುಟವನ್ನು ಸರಿಸುವುದೇ ಇಲ್ಲ.

ಇನ್ನು ಮಿತಿಗಳು. ಇನ್ಸುಲಿನ್ ಎಂದು ಹುಡುಕಿದರೆ ಸಿಗುವುದು ಮಧುಮೇಹಿಗಳು ಚುಚ್ಚಿಕೊಳ್ಳುವ ಇನ್ಸುಲಿನ್ ಅಲ್ಲ. ವಂಶವಾಹಿ ಬರೆಸಿದ 110 ಅಮೈನೋ ಆಮ್ಲಗಳ ಪೂರ್ವರೂಪ ಇಡಿಯಾಗಿ ಕಾಣಿಸುತ್ತದೆ. ದೇಹದಲ್ಲಿ ಮೊದಲ 24 ಅಮೈನೋ ಆಮ್ಲಗಳು ಕತ್ತರಿಸಿಹೋಗಿ, ನಡುವಿನ ಕೊಂಡಿಯೂ ಕಳಚಿ, 30 ಮತ್ತು 21 ಅಮೈನೋ ಆಮ್ಲಗಳ ಎರಡು ಸರಪಳಿಗಳು ಗಂಧಕದ ಬಂಧಗಳಿಂದ ಜೋಡಿಯಾಗಿ ಉಳಿಯುತ್ತವೆ. ಈ ಕತ್ತರಿಯ ಕೆಲಸ ಡೇಟಾಬೇಸಿಗೆ ಸಂಬಂಧಿಸಿದ್ದಲ್ಲ. ಹೀಗೆಯೇ ಹಿಮೋಗ್ಲೋಬಿನ್ ನಾಲ್ಕು ಸರಪಳಿಗಳ ಕೂಡುಕುಟುಂಬವಾದರೂ ನಾನು ಮೊದಲು ಹೇಳಿದ ಪುಟದಲ್ಲಿ ಬೀಟಾ ಒಂದೇ ನಿಂತಿದೆ. ಹೀಮ್ ಇಲ್ಲದಿದ್ದರೂ ಅದರ ಗೂಡು ಅಷ್ಟು ಸರಿಯಾಗಿ ಬಂದದ್ದು ಹೇಗೆಂದರೆ, ಕಾರ್ಯಕ್ರಮ ಕಲಿತ ರಚನೆಗಳಲ್ಲಿ ಅಂಥ ಗೂಡುಗಳು ಹೀಮ್‌ ತುಂಬಿಕೊಂಡೇ ಇದ್ದವು.

ವಿದ್ಯಾರ್ಥಿಗಳು ಪದೇ ಪದೇ ಜಾರಿಬೀಳುವ ಇನ್ನೊಂದು ಜಾಗ ರೂಪಾಂತರಗಳದ್ದು, ಅಂದರೆ ಸಾಲಿನಲ್ಲಿ ಒಂದು ಅಮೈನೋ ಆಮ್ಲದ ಬದಲು ಇನ್ನೊಂದು ಬರುವುದು. ಕುಡುಗೋಲು ಕಣ ರಕ್ತಹೀನತೆಯ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಅಭಿಯಾನದಲ್ಲಿ ಕರ್ನಾಟಕವೂ ಇರುವುದರಿಂದ ಆ ವಿಷಯವನ್ನು ಆರಿಸಿಕೊಳ್ಳುವವರು ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬೀಟಾ ಸರಪಳಿಯ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲವನ್ನು ವ್ಯಾಲಿನ್‌ಗೆ ಬದಲಿಸಿ, ಕೊಲ್ಯಾಬ್‌ಫೋಲ್ಡ್ ಎಂಬ ಉಚಿತ ಸಾಧನದಲ್ಲಿ ಹೊಸದಾಗಿ ಊಹೆ ಮಾಡಿಸಿ, ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ವ್ಯತ್ಯಾಸವೇ ಇಲ್ಲವಲ್ಲ ಸಾರ್ ಎನ್ನುತ್ತಾರೆ. ಒಂದು ಅಕ್ಷರ ಬದಲಾದರೆ ಆಗುವ ಪರಿಣಾಮವನ್ನು ತೋರಿಸಲು ಈ ಕಾರ್ಯಕ್ರಮವನ್ನು ರೂಪಿಸಿಲ್ಲ ಎಂಬುದು ಉತ್ತರದ ಅರ್ಧ. ಇನ್ನರ್ಧ ಅದಕ್ಕಿಂತ ಸ್ವಾರಸ್ಯದ್ದು: ಈ ಕಾಯಿಲೆಯಲ್ಲಿ ಒಂಟಿ ಸರಪಳಿಯ ಮಡಿಕೆ ನಿಜವಾಗಿಯೂ ಹೆಚ್ಚು ಬದಲಾಗುವುದಿಲ್ಲ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಆ ವ್ಯಾಲಿನ್‌ನ ಮೂಲಕ ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗುವುದರಿಂದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ತೊಂದರೆ ಇರುವುದು ಚಿತ್ರದ ಚೌಕಟ್ಟಿನ ಹೊರಗೆ. ರೂಪಾಂತರಗಳಿಗಾಗಿಯೇ ಡೀಪ್‌ಮೈಂಡ್ 2023ರಲ್ಲಿ ಆಲ್ಫಾಮಿಸೆನ್ಸ್ ಎಂಬ ಬೇರೆ ಮಾದರಿಯನ್ನು ತಂದಿತು. ಮನುಷ್ಯರಲ್ಲಿ ಸಾಧ್ಯವಿರುವ 7.1 ಕೋಟಿ ಒಂಟಿ ಬದಲಾವಣೆಗಳಿಗೆ ಅದು ಕೊಟ್ಟ ಅಂಕಗಳು ಈಗ ಇದೇ ಡೇಟಾಬೇಸಿನ ಮನುಷ್ಯ ಪ್ರೋಟೀನುಗಳ ಪುಟಗಳಲ್ಲಿ ಸಿಗುತ್ತವೆ. ಅವು ಹಾನಿಯ ಸಂಭವವನ್ನು ಹೇಳುತ್ತವೆ, ಕಾರಣವನ್ನಲ್ಲ. ರೋಗಿಯ ವರದಿಯ ಮೇಲೆ ಆ ಅಂಕವೊಂದನ್ನೇ ಇಟ್ಟುಕೊಂಡು ತೀರ್ಪು ಬರೆಯುವುದನ್ನು ನಾನಂತೂ ಒಪ್ಪಲಾರೆ.

2024ರ ಮೇ ತಿಂಗಳಲ್ಲಿ ಬಂದ ಆಲ್ಫಾಫೋಲ್ಡ್‌ನ ಮೂರನೆಯ ಆವೃತ್ತಿಯು ಈ ಕೊರತೆಗಳಲ್ಲಿ ಕೆಲವನ್ನು ತುಂಬಿದೆ. ಪ್ರೋಟೀನಿನ ಜೊತೆ ಡಿಎನ್‌ಎ, ಆರ್‌ಎನ್‌ಎ, ಲೋಹದ ಅಯಾನುಗಳು ಮತ್ತು ಸಣ್ಣ ಅಣುಗಳನ್ನೂ ಸೇರಿಸಿ ಅದು ಊಹಿಸಬಲ್ಲದು. ಆದರೆ ಔದಾರ್ಯ ಮಾತ್ರ ಮೊದಲಿನಷ್ಟಿಲ್ಲ. ಡೇಟಾಬೇಸಿನಂತೆ ಇದು ತೆರೆದ ಬಾಗಿಲಲ್ಲ: ಇದನ್ನು ಜಾಲದಲ್ಲಿ ಬಳಸಲು ಕೊಟ್ಟಿರುವ ಆಲ್ಫಾಫೋಲ್ಡ್ ಸರ್ವರ್‌ಗೆ ಗೂಗಲ್ ಖಾತೆ ಬೇಕು, ದಿನಕ್ಕೆ ಇಷ್ಟೇ ಊಹೆಗಳೆಂಬ ಮಿತಿಯಿದೆ, ವಾಣಿಜ್ಯ ಬಳಕೆ ನಿಷಿದ್ಧ, ಸಣ್ಣ ಅಣುಗಳನ್ನು ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಪ್ರಬಂಧ ಪ್ರಕಟವಾದಾಗ ಕಾರ್ಯಕ್ರಮದ ಸಂಕೇತವನ್ನು (ಕೋಡ್) ಕೊಡಲಿಲ್ಲವೆಂದು ವಿಜ್ಞಾನಿಗಳು ಬಹಿರಂಗವಾಗಿ ಆಕ್ಷೇಪಿಸಿದ ಮೇಲೆ, ಅದೇ ನವೆಂಬರಿನಲ್ಲಿ ಶೈಕ್ಷಣಿಕ ಬಳಕೆಗಾಗಿ ಬಿಡುಗಡೆ ಮಾಡಿದರು. ಸಾರ್ವಜನಿಕ ಬ್ಯಾಂಕಿನ ಠೇವಣಿಯಿಂದ ಬೆಳೆದ ಸಾಧನ ಬಾಗಿಲಿಗೆ ಬೀಗ ಹಾಕುವುದು ನನಗೆ ಹಿತವೆನಿಸಲಿಲ್ಲ, ಈಗಲೂ ಹಿತವೆನಿಸುವುದಿಲ್ಲ. ಗುಣದ ದೃಷ್ಟಿಯಿಂದಲೂ ಒಂದು ಎಚ್ಚರಿಕೆ ಅಗತ್ಯ: ಎರಡನೆಯ ಆವೃತ್ತಿ ದಾರದಂತೆ ಬಿಡುತ್ತಿದ್ದ ಆಕಾರರಹಿತ ಭಾಗಗಳಲ್ಲಿ ಮೂರನೆಯದು ಕೆಲವೊಮ್ಮೆ ಇಲ್ಲದ ಸುರುಳಿಗಳನ್ನು ಕಟ್ಟಿಕೊಡುತ್ತದೆ, ಬಣ್ಣ ನೋಡದವರಿಗೆ ಅದು ಇನ್ನೂ ದೊಡ್ಡ ಬಲೆ.

ಹಾಗಿದ್ದರೂ ಕಳೆದ ಸೆಮಿಸ್ಟರಿನಲ್ಲಿ ಸರ್ವರ್‌ಗೆ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳನ್ನೂ ನಾಲ್ಕು ಹೀಮ್‌ಗಳನ್ನೂ ಕೊಟ್ಟು ತರಗತಿಯೆಲ್ಲ ಪರದೆಯ ಮುಂದೆ ಕಾದು ಕುಳಿತೆವು. ನಾಲ್ಕೂ ಸರಪಳಿಗಳು ಕೂಡಿದ ಹಿಮೋಗ್ಲೋಬಿನ್ ಬಂತು, ನಾಲ್ಕೂ ಗೂಡುಗಳಲ್ಲಿ ಹೀಮ್ ಕುಳಿತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಇದು ಆಮ್ಲಜನಕ ಹಿಡಿದಿರುವಾಗಿನ ರೂಪವೋ ಬಿಟ್ಟ ಮೇಲಿನದೋ ಎಂದು ಕೇಳಿದ. ಯಾವ ರೂಪ ಬೇಕೆಂದು ತಿಳಿಸುವ ಜಾಗ ಆ ನಮೂನೆಯಲ್ಲಿಲ್ಲ; ಶ್ವಾಸಕೋಶದಲ್ಲಿ ಒಂದು ರೂಪ, ಸ್ನಾಯುವಿನಲ್ಲಿ ಇನ್ನೊಂದು ರೂಪ ತಾಳುವುದೇ ಹಿಮೋಗ್ಲೋಬಿನ್‌ನ ಕಸುಬಾದರೂ, ನಮಗೆ ಸಿಕ್ಕಿದ್ದು ಸ್ಥಿರಚಿತ್ರ. ಎರಡೂ ರೂಪಗಳನ್ನು ಹೋಲಿಸಲು ಪ್ರೋಟೀನ್ ಡೇಟಾ ಬ್ಯಾಂಕಿನ 2ಎಚ್‌ಎಚ್‌ಬಿ ಮತ್ತು 1ಎಚ್‌ಎಚ್‌ಒ ಎಂಬ ಹಳೆಯ ಹರಳಿನ ಕಡತಗಳನ್ನು ತೆರೆಯಬೇಕಾಯಿತು. ಪ್ರಾಯೋಗಿಕ ತರಗತಿಯ ಕೈಪಿಡಿಯಲ್ಲಿ ಆಲ್ಫಾಫೋಲ್ಡ್ ಪುಟದ ವಿಳಾಸದ ಕೆಳಗೆ ಆ ಎರಡು ಸಂಖ್ಯೆಗಳನ್ನು ಈ ವರ್ಷವೂ ಅಚ್ಚು ಹಾಕಿಸಿದ್ದೇನೆ.