ಜಿಎಂಸಿನಾ, ಕೆನಡಾದ ಷೆವರ್ಲೆನಾ? ಎರಡನೇ ಮಹಾಯುದ್ಧದ ಲಾರಿಗಳನ್ನು ಓಡಿಸಿ ನೋಡಿದ ಮೇಲೆ

ಎರಡನೇ ಮಹಾಯುದ್ಧದ ಲಾರಿ ಅಂದರೆ ಎಲ್ಲರ ಬಾಯಿಗೂ ಮೊದಲು ಬರುವುದು ಅಮೆರಿಕದ ಜಿಎಂಸಿ. ಆದರೆ ಉತ್ತರ ಆಫ್ರಿಕಾ, ಇಟಲಿ, ಬರ್ಮಾಗಳಲ್ಲಿ ಬ್ರಿಟನ್ ಮತ್ತು ಭಾರತದ ಸೈನಿಕರು ಕೆನಡಾದ ಲಾರಿಗಳನ್ನೂ ಬೇಕಾದಷ್ಟು ಓಡಿಸಿದ್ದಾರೆ. ನಾನಿರುವ ಒಂಟಾರಿಯೊದಲ್ಲಿ ಹಳೆಯ ಸೇನಾ ವಾಹನಗಳನ್ನು ರಿಪೇರಿ ಮಾಡಿ ಓಡಿಸುವ ಗೆಳೆಯರ ಗುಂಪೊಂದಿದೆ. ಅವರ ದಯದಿಂದ ಎರಡರ ಸ್ಟೇರಿಂಗೂ ನನ್ನ ಕೈಗೆ ಸಿಕ್ಕಿದೆ.

ಓಡಿಸೋಕೆ ಜಿಎಂಸಿ ಸುಖ. ಆರು ಸಿಲಿಂಡರಿನ 4.4 ಲೀಟರ್ ಪೆಟ್ರೋಲ್ ಎಂಜಿನ್ನು, ಮೂರು ಆಕ್ಸಲ್‌ಗೂ ಬಲ. ಐದನೇ ಗೇರ್ ಓವರ್‌ಡ್ರೈವ್ ಆದ್ದರಿಂದ ಸಪಾಟು ರಸ್ತೆಯಲ್ಲಿ ಎಂಜಿನ್ನು ಒದ್ದಾಡುವುದಿಲ್ಲ. ಲೋ ಗೇರಿಗೆ ಹಾಕಿದರೆ ಕೆಸರಿನ ದಿಬ್ಬವನ್ನೂ ನಿಧಾನಕ್ಕೆ ಹತ್ತಿಬಿಡುತ್ತದೆ. ಲೆಕ್ಕಕ್ಕೆ ಇದು ಎರಡೂವರೆ ಟನ್ನಿನ ಗಾಡಿ. 1944ರಲ್ಲಿ ಫ್ರಾನ್ಸಿನಲ್ಲಿ ರೆಡ್ ಬಾಲ್ ಎಕ್ಸ್‌ಪ್ರೆಸ್, ಅಂದರೆ ಮುಂಚೂಣಿಯ ಸೇನೆಗೆ ಸರಕು ಸಾಗಿಸುವ ಲಾರಿಗಳ ಸಾಲು, ಓಡಿದಾಗ ಅದಕ್ಕಿಂತ ಎಷ್ಟೋ ಜಾಸ್ತಿ ಹೇರಿ ಓಡಿಸಿದರು. ಆ ಡ್ರೈವರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಅಮೆರಿಕನ್ನರು. ಇವರ ಹೆಸರು ಇನ್ನೂ ಜಾಸ್ತಿ ಕೇಳಬೇಕಿತ್ತು.

ಕೆನಡಾದ ಷೆವರ್ಲೆಯದು ಬೇರೆಯೇ ಸ್ವಭಾವ. ಮೂತಿ ಗಿಡ್ಡ. ಹಡಗಿನಲ್ಲಿ ಜಾಗ ಉಳಿಯಲಿ ಅಂತ ಉದ್ದ ಕಡಿಮೆ ಮಾಡಿದ್ದಾರೆ. ಹಾಗಾಗಿ ಎಂಜಿನ್ನು ಅರ್ಧ ಕ್ಯಾಬಿನ್ನಿನ ಒಳಗೇ ಬಂದು ಕೂತಿದೆ. ಡ್ರೈವರಿಗೆ ಉಳಿಯುವುದು ಬಲಗಡೆಯ ಇಕ್ಕಟ್ಟು ಜಾಗ. ಪೆಡಲುಗಳು ಎಷ್ಟು ಹತ್ತಿರ ಅಂದರೆ ದಪ್ಪ ಬೂಟು ಹಾಕಿಕೊಂಡರೆ ಬ್ರೇಕಿನ ಜೊತೆ ಆಕ್ಸಿಲೇಟರನ್ನೂ ತುಳಿದುಬಿಡುತ್ತೇವೆ. ಎಡಗಾಲಿನ ಪಕ್ಕದ ತಗಡು ಸ್ವಲ್ಪ ಹೊತ್ತಿಗೇ ಕಾದು ಚುರುಗುಟ್ಟುತ್ತದೆ. ಗೇರ್ ಬದಲಿಸುವಾಗ ಪ್ರತಿ ಸಲ ಡಬಲ್ ಕ್ಲಚ್ ಕೊಡಲೇಬೇಕು, ಅಂದರೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ಇಲ್ಲದಿದ್ದರೆ ಹಲ್ಲು ಕಡಿಯುವ ಸದ್ದು. ಮುಂದಿನ ಗಾಜು ಮೇಲ್ಗಡೆ ಮುಂದಕ್ಕೆ ಬಾಗಿದೆ. ಬಿಸಿಲು ಹೊಳೆದು ಆಕಾಶದಲ್ಲಿರುವ ಶತ್ರು ವಿಮಾನಕ್ಕೆ ಗುರುತು ಸಿಗಬಾರದು ಅಂತ ಈ ಉಪಾಯ.

ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದಿದೆ. ಕೆನಡಾದ ವಿಂಡ್ಸರಿನ ಫೋರ್ಡ್, ಷೆವರ್ಲೆ ಮಾಡುತ್ತಿದ್ದ ಒಷಾವಾದ ಜನರಲ್ ಮೋಟಾರ್ಸ್, ಇಬ್ಬರೂ ಮಾರುಕಟ್ಟೆಯಲ್ಲಿ ಎದುರಾಳಿಗಳು. ಯುದ್ಧಕ್ಕಾಗಿ ಒಂದೇ ನಮೂನೆಯ ಕ್ಯಾಬಿನ್ ಮಾಡಿದರು. ಬಿಡಿಬಿಡಿಯಾಗಿ ಪೆಟ್ಟಿಗೆಗೆ ತುಂಬಿ, ಸಮುದ್ರ ದಾಟಿದ ಮೇಲೆ ಜೋಡಿಸುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಆ ಪುಟ್ಟ ಜನಸಂಖ್ಯೆಯ ದೇಶ 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನ ಮಾಡಿತ್ತು.

ಲೋಡು ಹೇರಿ ಕೆಸರಿಗೆ ಇಳಿಸೋದಾದರೆ ನನ್ನ ಓಟು ಜಿಎಂಸಿಗೇ. ಆದರೆ ಯುದ್ಧದ ಸರಕಿಗೆ ಬ್ರಿಟನ್ ತೆತ್ತ ದುಡ್ಡಿನ ಲೆಕ್ಕಕ್ಕೆ ಬಂದರೆ ಮಾತ್ರ ಅಮೆರಿಕಕ್ಕಿಂತ ಕೆನಡಾ ಮೇಲು ಅನ್ನಿಸುತ್ತದೆ.

ಮೊದಮೊದಲು ಬ್ರಿಟನ್ ಅಮೆರಿಕಕ್ಕೆ ನಗದು ಎಣಿಸಿ, ಸರಕನ್ನು ತನ್ನದೇ ಹಡಗಿನಲ್ಲಿ ಒಯ್ಯಬೇಕಿತ್ತು. 1940ರ ಕೊನೆಗೆ ಡಾಲರ್ ಬರಿದಾಗುತ್ತಾ ಬಂತು. 1941ರ ಮಾರ್ಚ್ 11ಕ್ಕೆ, ನಗದು ಕೇಳದೆ ಮಿತ್ರದೇಶಗಳಿಗೆ ಯುದ್ಧದ ಸರಕು ಕೊಡುವ ಅಮೆರಿಕದ ಲೆಂಡ್-ಲೀಸ್ ಕಾಯ್ದೆ ಬಂದ ಮೇಲೆಯೇ ಉಸಿರಾಡುವಂತಾಯಿತು. ಎಲ್ಲಾ ದೇಶಗಳಿಗೂ ಸೇರಿ ಸುಮಾರು 5,000 ಕೋಟಿ ಡಾಲರಿನ ನೆರವು ಅದು. ಆದರೆ ಜಪಾನ್ ಶರಣಾದ ಕೂಡಲೇ, 1945ರ ಆಗಸ್ಟಿನಲ್ಲಿ, ಅಮೆರಿಕದ ಅಧ್ಯಕ್ಷ ಟ್ರೂಮನ್ ಅದನ್ನು ನಿಲ್ಲಿಸಿಬಿಟ್ಟರು. ಬ್ರಿಟನ್ ಮತ್ತೆ ಸಾಲಕ್ಕೆ ಕೈಚಾಚಿತು. 2 ಪರ್ಸೆಂಟ್ ಬಡ್ಡಿಯ ಆ ಸಾಲದ ಕೊನೆಯ ಕಂತು ಕಟ್ಟಿದ್ದು 2006ರಲ್ಲಿ! ಕೆನಡಾ 1942ರಲ್ಲೇ 100 ಕೋಟಿ ಡಾಲರನ್ನು ಬ್ರಿಟನ್‌ಗೆ ಉಡುಗೊರೆಯಾಗಿ ಕೊಟ್ಟಿತ್ತು. ಯುದ್ಧದ ನಂತರ ಅದೂ ಸಾಲ ಕೊಟ್ಟಿತು, ನಿಜ. ಆದರೂ ಮೊದಲ ಕೊಡುಗೆ ಕೊಡುಗೆಯೇ ಅಲ್ವಾ?

ನಮ್ಮ ದೇಶದ ಪಾಡು ಬೇರೆ. ಬ್ರಿಟನ್‌ಗಾಗಿ ಭಾರತ ಮಾಡಿದ ಖರ್ಚು ಲಂಡನ್ನಿನ ಪುಸ್ತಕದಲ್ಲಿ ಜಮಾ ಆಗುತ್ತಾ ಹೋಯಿತು. ಯುದ್ಧ ಮುಗಿದಾಗ ಬ್ರಿಟನ್ ನಮಗೆ ಕೊಡಬೇಕಾದದ್ದು ಸುಮಾರು 130 ಕೋಟಿ ಪೌಂಡ್. ಅಷ್ಟರಲ್ಲಿ ಇಲ್ಲಿ ನೋಟು ಅಚ್ಚು ಹಾಕಿ ಖರ್ಚು ತೂಗಿಸಿದ್ದರು, ಬೆಲೆ ಏರಿ ಬಡವರ ಹೊಟ್ಟೆಗೆ ಹೊಡೆತ ಬಿದ್ದಿತ್ತು. ಕೇಳದೆ ಪಡೆದ ಈ ಸಾಲದ ವಿಷಯ ಲಾರಿ ಪ್ರದರ್ಶನಗಳಲ್ಲಿ ಯಾರೂ ಎತ್ತುವುದಿಲ್ಲ. ನನಗೆ ಅದು ನೋವಿನ ಸಂಗತಿ.

ಅಮೆರಿಕದ ಇನ್ನೊಂದು ಲಾರಿ ಸ್ಟುಡೆಬೇಕರ್ ಯುಎಸ್6. ಅದರ ಒಳಗೆ ಕೂತು ನೋಡಿದ್ದೇನೆ ಅಷ್ಟೆ, ಓಡಿಸಿಲ್ಲ. ತಯಾರಾದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಇರಾನಿನ ಅಂದಿಮೆಶ್ಕ್‌ನಲ್ಲಿ ಲಾರಿ ಜೋಡಿಸಿ, ಅದರಲ್ಲೇ ಸರಕು ತುಂಬಿ ಉತ್ತರಕ್ಕೆ ಕಳಿಸುತ್ತಿದ್ದರು. ಸೋವಿಯತ್ ಸೇನೆಯ ಕತ್ಯೂಷಾ ರಾಕೆಟ್ ಹೊತ್ತದ್ದೂ ಇದೇ ಲಾರಿ. ಎಲ್ಲಾದರೂ ಓಡುವ ಸ್ಥಿತಿಯಲ್ಲಿ ಸಿಕ್ಕರೆ ಜಿಎಂಸಿ ಹತ್ತಿದ ಅದೇ ದಿಬ್ಬಕ್ಕೆ ಹತ್ತಿಸಿ ನೋಡುವ ಆಸೆಯಿದೆ.